ರೈಟರ್

ಪಾಲಿಬೆಟ್ಟದ ಕಡೆ ತೋಟದ ಗುಮಾಸ್ತನಿಗೆ ರೈಟರ್ ಎನ್ನುತ್ತಾರೆ.
ಅಪ್ಪ, ರೈಟರ್ ಚಿಟ್ಟಿಯಪ್ಪ. ಜೀವಮಾನ ಬರೆದದ್ದು
ಚೆಕ್‌ರೋಲು: ಆಳು, ಹಾಜರಿ, ಕೂಲಿ, ಕಡಿತ.

ಯುದ್ಧದಲ್ಲಿ, ಕೈರೋದ ಆಸ್ಪತ್ರೆಯಲ್ಲಿ,
ಪಕ್ಕದ ಮಂಚಕ್ಕೆ ಟ್ರಿನಿಡಾಡಿನ ಸೆಲ್ವಿನ್ ಡ್ಯೂಪ್ರೆ.
ಊರಲ್ಲಿ ಏನು ಕೆಲಸ ಎಂದರೆ ರೈಟರ್ ಎಂದನಂತೆ.
ನಾನೂ ಅದೇ, ಎಂದು ಅಪ್ಪ ಕೈ ಚಾಚಿದರಂತೆ.
ಈ ತಪ್ಪು ತಿಳಿವಳಿಕೆಯ ಮೇಲೆ
ಹದಿನಾಲ್ಕು ವರ್ಷ ಕಾಗದ ಓಡಾಡಿತು.

ಲಂಡನ್ನಿನಿಂದ ಅವನ ಕರಪತ್ರಗಳು ಬರುತ್ತಿದ್ದವು,
ಒಂದು ಬದಿಯ ಮಸಿ ಇನ್ನೊಂದಕ್ಕೆ ಇಳಿದ ತೆಳು ಹಾಳೆ.
ದೊರೆಯ ಕಣ್ಣಿಗೆ ಬೀಳದಂತೆ ಅಪ್ಪ ಅವನ್ನು
ಗೊಬ್ಬರದ ಬಿಲ್ಲುಗಳ ನಡುವೆ ತಂತಿಗೆ ಚುಚ್ಚಿಡುತ್ತಿದ್ದರು.

ಐವತ್ತೇಳರ ಮಾರ್ಚಿ. ಹೂಮಳೆ ಬಿದ್ದು ಒಂಬತ್ತು ದಿನ,
ತೋಟವೆಲ್ಲ ಬೆಳ್ಳಗೆ.
ಕೊಡಗು ಮೈಸೂರಿಗೆ ಸೇರಿ ಆಗಲೇ ಐದನೆಯ ತಿಂಗಳು,
ಆಫೀಸಿನ ಲೆಟರ್‌ಹೆಡ್ಡಿಗೆ ಸುದ್ದಿ ಮುಟ್ಟಿರಲಿಲ್ಲ.
ಅಕ್ರಾದಿಂದ ಲಕೋಟೆ. ಚೀಟಿಯಲ್ಲಿ ಅದೇ ರಾಣಿ,
ಮೇಲೆ ಹೊಸ ದೇಶದ ಹೆಸರು ಒತ್ತಿದ್ದರು.

"ಅರ್ಧರಾತ್ರಿ ಬಾವುಟ ಇಳಿಯಿತು, ಚಿಟ್ಟಿಯಪ್ಪ.
ಅಜ್ಜಿಯ ಅಜ್ಜಿಯನ್ನು ಬಹುಶಃ ಇಲ್ಲಿಂದಲೇ ಹಡಗಿಗೆ ತುಂಬಿದ್ದರು.
ಬೂಟು ಕಳಚಿ ಮರಳಲ್ಲಿ ನಿಂತೆ.
ಬಂದವನೋ, ಮರಳಿದವನೋ, ನನಗೇ ತಿಳಿಯದು."

ಹಾಜರಿಯ ಹೊತ್ತಿಗೆ ಅಪ್ಪ ಅದನ್ನು ಕನ್ನಡ ಮಾಡಿ ಓದಿದರು.
ಎರವರ ಸಾಲಿನಿಂದ ಒಬ್ಬಳು:
"ಅವರ ಸಾಲ ಯಾರು ತೀರಿಸಿದ್ದು, ರೈಟರೇ?"

ಯಾರೂ ನಗಲಿಲ್ಲ. ಹೂವಿಗೆ ಜೇನು ಮುತ್ತಿತ್ತು.
ಈ ರೋಬಸ್ಟಾ ಗಿಡವೂ ಕಾಂಗೋ ಕಡೆಯದು ಗೊತ್ತಾ,
ಎಂದು ಅಪ್ಪ ಮಾತು ಮರೆಸಲು ನೋಡಿದರು.
ಅವಳು ಬುಟ್ಟಿ ಎತ್ತದೆ ನಿಂತೇ ಇದ್ದಳು.

ಪ್ರಶ್ನೆಯನ್ನು ಹಾಗ್ಹಾಗೇ ಅಕ್ರಾಕ್ಕೆ ಬರೆದರು.
ಉತ್ತರ ಬಂದದ್ದು ಜೂನಿನಲ್ಲಿ:
"ಇಲ್ಲಿ ಮಂತ್ರಿಗಳ ಬಾಯಲ್ಲೂ ಈ ಮಾತು ಬಂದಿಲ್ಲ.
ನಾನು ಇದನ್ನು ಅಚ್ಚು ಹಾಕಿಸುತ್ತೇನೆ.
ಕೇಳಿದವಳ ಹೆಸರು ಬೇಕು."

ಅಪ್ಪ ಚೆಕ್‌ರೋಲು ತೆಗೆದರು. ಅಲ್ಲಿ
ಅವರದೇ ಗುಂಡು ಅಕ್ಷರದಲ್ಲಿ: ತೋಲನ ಹೆಂಡತಿ.

ಅಚ್ಚಾದದ್ದು ಕೈಗೆ ಬರಲೇ ಇಲ್ಲ. ಆಮೇಲೆ ಕಾಗದವೂ ನಿಂತಿತು.
ಚೆಕ್‌ರೋಲು ಮಾತ್ರ ನನ್ನ ಹತ್ತಿರ ಇದೆ.
ಗೆದ್ದಲು ಮೇದು ಬಿಟ್ಟ ಹಾಳೆಯಲ್ಲಿ ಆ ಎರಡು ಪದಕ್ಕೆ ಅಡ್ಡಗೀರು,
ಮೇಲೆ ನೀಲಿ ಶಾಯಿಯಲ್ಲಿ: ಬೊಳ್ಳಚ್ಚಿ.
ಅಷ್ಟರಲ್ಲಿ ಆಣೆ ಹೋಗಿ ನಯಾಪೈಸೆ ಬಂದಿತ್ತು.
ಕೂಲಿ ಅಷ್ಟೇ.
ಸಾಲದ ಕಾಲಮ್ಮಿನಲ್ಲಿ ಅಪ್ಪನ ಪೆನ್ನು
ಒಂದು ಚುಕ್ಕಿ ಇಟ್ಟು ನಿಂತಿದೆ, ಮಸಿ ಹರಡಿದೆ.