ಮೂರನೆಯ ದಿನದ ಕೋಶ

ರಾತ್ರಿ ಹನ್ನೊಂದು. ವಾಲ್ಪರೈಸೊದ ಗುಡ್ಡದ ಹಳಿಗಾಡಿ
ಕೊನೆಯ ಸಲ ಮೇಲೇರಿ ನಿಂತಾಯಿತು.
ನಾನಿನ್ನೂ ಈ ಕತ್ತಲೆ ಕೋಣೆಯಲ್ಲಿ,
ಮೈಬಿಸಿಯಷ್ಟೇ ಬಿಸಿಯಲ್ಲಿಟ್ಟ ಗಾಜಿನ ತಟ್ಟೆಯಲ್ಲಿ
ಒಂದೇ ಒಂದು ನರಕೋಶ ನೋಡುತ್ತ.
ಇನ್ನೂ ಹುಟ್ಟಿರದ ಇಲಿಮರಿಯ ಮಿದುಳಿನದು.

ಮೊದಲ ದಿನ ಬರೀ ಗುಂಡಗಿತ್ತು,
ಅಂಚಿಗೆ ಒಂದಿಷ್ಟು ನೆರಿಗೆ.
ಎರಡನೆಯ ದಿನ ಐದು ಕುಡಿ, ಐದೂ ಒಂದೇ ಉದ್ದ.
ಒಂದು ಮುಂದಾದರೆ ಇನ್ನೊಂದು ಹಿಂದೆ ಸರಿದು,
ಬಾಗಿಲಲ್ಲಿ 'ನೀವು ಮೊದಲು, ಇಲ್ಲ ನೀವು'
ಎಂದು ನಿಂತೇ ಬಿಟ್ಟ ನೆಂಟರ ಹಾಗೆ.

ಕುಡಿಯ ತುದಿಗೊಂದು ಅಂಗೈ.
ಎಲುಬಿಲ್ಲ ಅದಕ್ಕೆ, ಆಕ್ಟಿನ್ ಎಳೆಗಳಷ್ಟೇ,
ಮುಂದೆ ಹೆಣೆಯುತ್ತ ಹಿಂದೆ ಬಿಚ್ಚುತ್ತ
ಕರೆಂಟು ಹೋದ ಮನೆಯಲ್ಲಿ ಗೋಡೆ ತಡಕಿದಂತೆ
ಗಾಜನ್ನು ತಡಕುತ್ತದೆ.
ಹಿಂದಿನಿಂದ ಟ್ಯೂಬುಲಿನ್ ಕೊಳವೆ,
ಇಟ್ಟಿಗೆಗೆ ಇಟ್ಟಿಗೆ ಕೂಡಿ ಬೆಳೆದು
ತಟ್ಟನೆ ತುದಿಯಿಂದ ಸಿಡಿದು, ಕುಸಿದು,
ಅದೇ ಇಟ್ಟಿಗೆಯಿಂದ ಮತ್ತೆಲ್ಲೋ ಎದ್ದು.
ಮೊದಲ ಸಲ ಇದನ್ನು ಕಂಡಾಗ
ತಟ್ಟೆ ಕೆಟ್ಟಿತೆಂದು ಚೆಲ್ಲಹೊರಟಿದ್ದೆ.
ಡಾಕ್ಟರ್ ಉರ್ಸುವಾ ಕೈ ಹಿಡಿದಳು:
"ಅದರ ಕೆಲಸವೇ ಹಾಗೆ, ಇಸ್ಮೇನಿಯಾ. ಇಡು ಕೆಳಗೆ."

ಭಾನುವಾರ ಅಪ್ಪನಿಗೆ ಫೋನಿನಲ್ಲಿ ತೋರಿಸಿದೆ.
ಮೂವತ್ತೊಂದು ವರ್ಷ ಆ ಹಳಿಗಾಡಿ ನಡೆಸಿದವನು.
ಹಗ್ಗಕ್ಕೆ ಗ್ರೀಸು, ಗಾಲಿಗೆ ಎಣ್ಣೆ,
ಬಲಗೈಯ ತೋರುಬೆರಳನ್ನೂ ಗಾಲಿಗೇ ಕೊಟ್ಟವನು.
"ಹಳಿ ಯಾರು ಹಾಕಿದ್ದು?"
ಅದೇ ಹಾಕಿಕೊಂಡದ್ದು.
"ಹೋಗಬೇಕಾದ ಜಾಗ ಗೊತ್ತಿತ್ತೇ?"
ಇಲ್ಲ.
"ಹಳಿ ಹಾಕುತ್ತಲೇ ಗಾಡಿಯೂ ಓಡುತ್ತದೆಯೇ?"
ಹೂಂ, ಸರಕು ಹೊತ್ತು, ಎರಡೂ ದಿಕ್ಕಿಗೆ.
ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡ.
"ನಗರಸಭೆಯವರು ಇದಕ್ಕೆ ಪರವಾನಗಿ ಕೊಡುವುದಿಲ್ಲ."

ಇವತ್ತು ಮೂರನೆಯ ದಿನ.
ಬೆಳಿಗ್ಗೆ ಐದರಲ್ಲೊಂದರ ಅಂಗೈ ಸಡಿಲಿತು.
ಬಿಗಿದ ಎಳೆ ತೆಳ್ಳಗಾದಲ್ಲಿ ಕೊಳವೆಗಳು ನುಗ್ಗಿ
ಮಧ್ಯಾಹ್ನದೊಳಗೆ ಅದು ಉಳಿದವಕ್ಕಿಂತ ನಾಲ್ಕು ಪಟ್ಟು.
ಉಳಿದವು ತೆಪ್ಪಗೆ ನಿಂತವು.
ಇದೇ ಆಕ್ಸಾನ್, ಎಂದು ಪುಸ್ತಕದಲ್ಲಿ ಬರೆದೆ.
ಐದು ಗಂಟೆಗೆ, ಪ್ರಯೋಗದ ಪಟ್ಟಿಯಲ್ಲಿದ್ದಂತೆ,
ಲೇಸರಿನಿಂದ ಬುಡದ ಹತ್ತಿರ ಕತ್ತರಿಸಿದೆ.

ಸದ್ದಿಲ್ಲ. ತುಂಡು ಗಂಟುಗಂಟಾಗಿ ಒಣಗಿತು.
ಮೋಟು ಒಳಗೆಳೆದುಕೊಂಡಿತು.
ಕಾಫಿ ಆರಿತು. ಬಂದರಿನಲ್ಲಿ ಯಾವುದೋ ಹಡಗು
ಎರಡು ಸಲ ಕೂಗಿ ಸುಮ್ಮನಾಯಿತು.
ಒಂದೂ ನಲವತ್ತಕ್ಕೆ
ನಾಲ್ಕರಲ್ಲಿ ಅತಿ ಗಿಡ್ಡನೆಯದು,
ನಾನು ಅಂಕೆ ಕೊಡಲೂ ಮರೆತಿದ್ದ ಕುಡಿ,
ಅಂಗೈ ಬಿಡಿಸಿತು.

ಆಸ್ಪತ್ರೆಯಿಂದ ಬಂದ ಮೂರನೆಯ ವಾರ
ಅಪ್ಪ ಮತ್ತೆ ಗೂಡಿನಲ್ಲಿ ಕೂತು ಟಿಕೆಟ್ ಹರಿಯುತ್ತಿದ್ದ,
ಹೆಬ್ಬೆರಳಿಗೆ ನಡುಬೆರಳು ಸೇರಿಸಿ.
ನನಗಾಗ ಆರು ವರ್ಷ.
ಹರಿಯುವ ರೀತಿಯೇ ಅದೆಂದುಕೊಂಡು ಕಲಿತೆ.
ತಟ್ಟೆಗೆ ತಾರೀಖಿನ ಟೇಪು ಅಂಟಿಸುವಾಗ
ಈಗಲೂ ಹಾಗೇ ಹರಿಯುತ್ತೇನೆ.