ಸಾಧು ಗಡ್ಡೆ

ಕೊರ್ಮೆ ಊರಿನ ದೊಸಿಂಡಾ ವಿದಾಲ್, ಐವತ್ತೆಂಟು.
ಬಂಡೆಗಂಟಿದ ಪೆರ್ಸೆಬೆ ಚಿಪ್ಪು ಕೆರೆದು ಮಾರುವವಳು.
ಮಾರ್ಚಿಯ ಇಳಿತದಲ್ಲಿ
ಸೊಂಟಕ್ಕೆ ಹಗ್ಗ ಬಿಗಿದು ನಿಂತವಳಿಗೆ
ಕೈಯಲ್ಲೇ ಇದ್ದ ಉಳಿಯ ಹೆಸರು
ಮರೆತುಹೋಯಿತು.
ಉಳಿಯದಷ್ಟೇ ಅಲ್ಲ. ಹಗ್ಗದ್ದು, ಅಲೆಯದ್ದು,
ಮೇಲೆ ಹಗ್ಗ ಹಿಡಿದು ಕೂತಿದ್ದ ತಂಗಿ ಬಾಲ್ಬಿನಾಳದ್ದು.
ಹತ್ತು ನಿಮಿಷ.
ಆಮೇಲೆ ಬಂದವು ಒಂದೊಂದೇ,
ಕತ್ತಲಾದ ಮೇಲೆ ಕೊಟ್ಟಿಗೆಗೆ ಬರುವ ಆಡುಗಳ ಹಾಗೆ,
ಏನೂ ಆಗದವರಂತೆ.

ಮೊದಲ ಸಲ ನೋಡಿದ್ದು ನಾನೇ.
ಎದೆಗೆ ತಣ್ಣನೆ ಲೋಳೆ ಸವರಿ
ಪಕ್ಕೆಲುಬಿನ ಸಂದಿಗೆ ಸಲಕರಣೆ ಒತ್ತಿ
ಇಪ್ಪತ್ತು ನಿಮಿಷ. ಹೊರಗೆ ಬೆಂಚಿನಲ್ಲಿ ಇನ್ನೂ ಹನ್ನೊಂದು ಜನ.
ಕೋಣೆಗಳು ಸಹಜ. ಕವಾಟಗಳು ಸಹಜ.
ಸಹಿ: ಇರಿಯಾ ಕಾಸ್ತಿನ್ಯೇರಾ.

ಎರಡನೆಯ ಸಲ ಬಂದಾಗ ಬಲಗೈ ಸೋತಿತ್ತು,
ಬಟ್ಟಲು ಹಿಡಿಯಲೊಲ್ಲದು.
ಎಡಕ್ಕೆ ಹೊರಳಿ ಮಲಗಿ, ಗೋಡೆಗೆ ಹೇಳುವಂತೆ ಹೇಳಿದಳು:
"ಆರು ಅಲೆ ಬಿಟ್ಟು ಏಳನೆಯದನ್ನು ಕಾಯಬೇಕು ಮಗಳೇ.
ನೀನು ಎಷ್ಟು ಎಣಿಸಿದೆ?"

ಎಣಿಸಿದೆ.
ಕೈಯನ್ನು ಕೂದಲೆಳೆಯಷ್ಟು ವಾಲಿಸಿ, ಉಸಿರು ಕಟ್ಟಿ.
ಕವಾಟ ತೆರೆಯಿತು, ಮುಚ್ಚಿತು,
ತೆರೆಯ ಮೇಲೆ ತೆರೆ, ಬೂದು ತೆರೆ,
ನಾಲ್ಕು, ಐದು,
ಅಲ್ಲಿ.
ಎಳ್ಳಿಗಿಂತ ದೊಡ್ಡದು, ಅವರೆಕಾಳಿಗಿಂತ ಚಿಕ್ಕದು.
ದಂಟಿನ ಮೇಲೆ ತೊನೆಯುತ್ತ,
ಅಂಚಿನಲ್ಲಿ ಮಿನುಗುತ್ತ,
ಬಾಗಿಲು ಬಡಿದಾಗಲೆಲ್ಲ ಮರೆಗೆ ಸರಿಯುತ್ತ.

ಸೋಂಕು ಎಂದರು ಡಾಕ್ಟರ್ ಸೆಯೊಆನೆ.
ಜ್ವರವಿಲ್ಲ. ಐದು ದಿನ ಬೆಚ್ಚಗಿಟ್ಟ ರಕ್ತದಲ್ಲಿ
ಏನೂ ಮೊಳೆಯಲಿಲ್ಲ.
ಹಾಗಾದರೆ ಹೆಪ್ಪು?
ಹೆಪ್ಪಿಗೆ ಇಂಥ ಕುಣಿತ ಎಲ್ಲಿಯದು.
ಅನ್ನನಾಳದಲ್ಲಿ ಕೊಳವೆ ಇಳಿಸಿ ಹಿತ್ತಲಿನಿಂದ ಇಣುಕಿದೆವು.
ಮೈತುಂಬ ಎಳೆ.

ಸಾಧು ಗಡ್ಡೆ ಎಂದು ಬರೆಯಬೇಕು ವರದಿಯಲ್ಲಿ.
ಹಾಯುವುದಿಲ್ಲ, ಒದೆಯುವುದಿಲ್ಲ,
ಇದ್ದಲ್ಲಿಂದ ಎದ್ದು ಮೈಯೆಲ್ಲ ಹಬ್ಬುವುದಿಲ್ಲ.
ಒಂದೇ ಒಂದು ಎಳೆ ಕಳಚಿ ನೆತ್ತರಲ್ಲಿ ತೇಲಿ
ತಲೆಯ ಯಾವುದೋ ಓಣಿಯಲ್ಲಿ ಸಿಕ್ಕಿಕೊಂಡರೆ
ತಂಗಿಯ ಹೆಸರನ್ನು ಒಯ್ಯುವಷ್ಟು
ಸಾಧು.

ಕೆತ್ತಿ ತೆಗೆದ ದಿನ ನೆಲಮಾಳಿಗೆಯ ಪ್ರಯೋಗಾಲಯಕ್ಕೆ ಇಳಿದೆ.
ತಟ್ಟೆಯಲ್ಲಿ ಒದ್ದೆ ನೂಲಿನ ಮುದ್ದೆ.
ಇಷ್ಟೇನಾ, ಅನಿಸಿತು.
ಉಪ್ಪುನೀರಿಗೆ ಬಿಟ್ಟರು.
ಮುದ್ದೆ ಮೆಲ್ಲಗೆ ಬಿಚ್ಚಿಕೊಂಡಿತು, ಬೆರಳು ಬೆರಳಾಗಿ,
ಮನೆಗೆ ಬಂದಂತೆ.

ಎದೆಗೆ ಹೊಲಿಗೆ ಬಿದ್ದವಳಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ.
ಕನ್ನಡಕ ಹುಡುಕಿ, ಹತ್ತಿರ ಹಿಡಿದು, ನಕ್ಕು,
ನೋವಿಗೆ ನಗು ನಿಲ್ಲಿಸಿ,
"ಅಯ್ಯೋ, ಕಡಲಹೂವು!
ಬಂಡೆ ಸಂದಿಯಲ್ಲಿ ದಿನಾ ತುಳಿಯುತ್ತೇನೆ ಇದನ್ನು.
ನಮ್ಮೂರಲ್ಲಿ ಯಾರೂ ತಿನ್ನುವುದಿಲ್ಲ. ಮೂರು ಕಾಸಿಗೆ ಬಾಳದು."

ಕಡತದಲ್ಲಿ ನನ್ನ ಮೊದಲ ವರದಿ ಇನ್ನೂ ಇದೆ.
ಸಹಜ, ಸಹಜ.
ಅಳಿಸಲು ಬರುವುದಿಲ್ಲ, ಅಳಿಸಲೂಬಾರದು.

ಅಕ್ಟೋಬರಿನಲ್ಲಿ ಒದ್ದೆ ಪತ್ರಿಕೆಯಲ್ಲಿ ಸುತ್ತಿದ
ಎರಡು ಕಿಲೋ ಪೆರ್ಸೆಬೆ ಬಂತು, ಚೀಟಿಯಿಲ್ಲದೆ.
ತಂದ ಹುಡುಗ ಹೇಳಿದ:
ಈಗ ಬಂಡೆಗಿಳಿಯುವ ಮುನ್ನ ಅವಳು
ಬಾಲ್ಬಿನಾ, ಎಂದು ಕೂಗುತ್ತಾಳಂತೆ,
ಪಕ್ಕದಲ್ಲೇ ನಿಂತಿದ್ದರೂ,
ಮೂರು ಸಲ.