ತುಟಿ ಓದುವವರು

ಡಂಡೀ ಪಟ್ಟಣ, ಪರ್ತ್ ರಸ್ತೆ, ಹಳೆ ರೆಕಾರ್ಡುಗಳ ಅಂಗಡಿ.
ಹೊರಗೆ ಟೇ ನದಿಯ ಕಡೆಯಿಂದ ಉಪ್ಪುಗಾಳಿ,
ಒಳಗೆ ನಾನು, ನನ್ನ ಮುಂದೆ ಮೂರು ಗೋಣಿಚೀಲ.
ಸತ್ತ ಟ್ಯಾಕ್ಸಿ ಡ್ರೈವರನೊಬ್ಬನ ಆಸ್ತಿ: ಇನ್ನೂರ ಹನ್ನೆರಡು ತಟ್ಟೆ.
ಸಂಜೆಯೊಳಗೆ ಖಾನೆಗೆ ಹಾಕು, ಅಂದ ಡೂಗಲ್ ಪೆಟ್ರಿ.
ಅಂದು, ಚಹಾ ಕುಡಿಯಲು ಹೋದವನು ಹೋದ.

ಜಾಜ್ ಕಿಟಕಿಯ ಬಳಿ. ಜಾನಪದ ಗೋಡೆಗೆ.
ರಾಕ್‌ಗೆ ಎರಡು ಗೂಡು, ಸೋಲ್‌ಗೆ ಒಂದು, ರೆಗೆ ಮೆಟ್ಟಿಲ ಕೆಳಗೆ.
ನಟ್ಟನಡುವೆ, ನಾಲ್ಕು ಜನ ನಿಂತು ಕೆದಕುವಷ್ಟು ಅಗಲ,
ಪಾಪ್.
ಗೊತ್ತಾಗದಿದ್ದರೆ ಅಲ್ಲಿ ಹಾಕು, ಎನ್ನುತ್ತಾನೆ ಡೂಗಲ್.

ಗೊತ್ತಾಗದಿದ್ದರೆ!
ಎಲ್ಲರಿಗೂ ಗೊತ್ತಿರುವುದೇ ಅದೊಂದಲ್ಲವೇ?

ಈ ತಟ್ಟೆ ನೋಡಿ: ಗಿಟಾರು ಹಳ್ಳಿಯದು, ಡ್ರಮ್ಮು ಯಂತ್ರದ್ದು,
ಹಿಮ್ಮೇಳ ಚರ್ಚಿನ ಬೆಂಚಿನಿಂದ ಎದ್ದು ಬಂದದ್ದು,
ನಡುವೆ ಎಂಟು ಸೆಕೆಂಡು ಪಿಟೀಲು, ಕೋಟು ತೊಟ್ಟು.
ಮೂಗು ಅಜ್ಜನದು, ಕಣ್ಣು ಪಕ್ಕದ ಮನೆಯವರದು ಎಂಬಂಥ ಕೂಸು.
ರಾತ್ರಿ ಊಟಕ್ಕೆ ಯಾರ ಮನೆಗೆ ಕಳಿಸಲಿ?

ಮಾರಾಟವಾದದ್ದೇ ಪಾಪ್ ಅನ್ನೋಣವೆಂದರೆ
ಇದೋ, ನಲವತ್ತು ಜನರೂ ಕೊಳ್ಳದ ತಟ್ಟೆ
ಎದೆಗೆ ಪಾಪ್ ಎಂದೇ ಚೀಟಿ ಅಂಟಿಸಿಕೊಂಡು ಕೂತಿದೆ.
ಮೂರು ನಿಮಿಷದ್ದು ಅನ್ನೋಣವೆಂದರೆ
ಹದಿನೇಳು ನಿಮಿಷ ಕುಣಿಸುವ ಇದೊಂದು ನಗುತ್ತದೆ.
ಬೇಗ ಹಳಸುವುದು ಎಂದರೋ,
ನನ್ನ ಸೋದರತ್ತೆ ಸಾಯುವ ಹಿಂದಿನ ದಿನ
ಮಕ್ಕಳ ಹೆಸರನ್ನೆಲ್ಲ ಮರೆತು, ಪಲ್ಲವಿಯೊಂದನ್ನು ಮಾತ್ರ
ಒಂದಕ್ಷರ ತಪ್ಪದೆ ಗೊಣಗುತ್ತಿದ್ದಳು.

ಬೇಲಿ ಹಾಕಿದವರು ಯಾರೋ. ಬಳ್ಳಿಗೆ ಬೇಲಿಯೇ ಚಪ್ಪರ.

ನಾಲ್ಕರ ಹೊತ್ತಿಗೆ ಎಫಿ ಗೌರ್ಲೇ ಬಂದಳು.
ಎಂಬತ್ತಾರು ವರ್ಷ. ಸೆಣಬಿನ ಗಿರಣಿಯಲ್ಲಿ ಮಗ್ಗ ನಡೆಸಿ
ಕಿವಿಯನ್ನು ಅಲ್ಲೇ ಬಿಟ್ಟು ಬಂದವಳು.
ಮೊದಲು ಮುಟ್ಟಿ ನೋಡಿದ್ದು ಚೀಲವನ್ನು, ತಟ್ಟೆಯನ್ನಲ್ಲ:
"ನೇಯ್ಗೆ ಸಡಿಲ. ನಮ್ಮ ಗಿರಣಿಯದಲ್ಲ."

ಕೇಳಿಸದವಳಿಗೇಕೆ ಹಾಡಿನಂಗಡಿ ಎಂದು ನಾನು ಕೇಳಲಿಲ್ಲ.
ನನ್ನ ಮುಖ ಕೇಳಿರಬೇಕು.
ತುಟಿ ಓದಬಲ್ಲವಳು ಮುಖದ ಉಳಿದ ಭಾಗವನ್ನು ಬಿಟ್ಟಾಳೆಯೇ?

"ಮಗ್ಗದ ಸದ್ದಿನಲ್ಲಿ ದೇವರು ಕರೆದರೂ ಕೇಳದು, ಹುಡುಗಾ.
ಸೋಮವಾರ ಬೆಳಿಗ್ಗೆ ಕೊನೇ ಸಾಲಿನ ನೆಟ್ಟಾ ತುಟಿಯಾಡಿಸುವಳು,
ಶನಿವಾರದ ಕುಣಿತದಲ್ಲಿ ಕಲಿತದ್ದು.
ಹತ್ತು ಮಗ್ಗದಾಚೆ ಬೆಲ್ಲಾ ಅದನ್ನು ಓದುವಳು, ಅವಳಿಂದ ನಾನು,
ನನ್ನಿಂದ ಬಾಗಿಲ ಬಳಿಯ ಐರಿಷ್ ಹೆಂಗಸು.
ಊಟದ ಗಂಟೆಯೊಳಗೆ ಇಡೀ ಶೆಡ್ಡು ಹಾಡುತ್ತಿತ್ತು,
ಒಂದು ಸ್ವರವೂ ಕೇಳಿಸದೆ.
ಎಲ್ಲ ಹಾಡೂ ದಾಟುತ್ತಿರಲಿಲ್ಲ.
ಕೆಲವು ಮೂರನೇ ಮಗ್ಗಕ್ಕೇ ಎಳೆ ಹರಿದು ಬೀಳುವುವು,
ಒಳ್ಳೆಯ ಹಾಡುಗಳೇ, ಪಾಪ.
ದಾಟಿದ್ದು ಯಾರದು, ಯಾವ ಜಾತಿಯದು, ಯಾರು ಕೇಳಿದರು?
ನೆಟ್ಟಾಳ ತುಟಿಯಲ್ಲಿ ಇದ್ದದ್ದೂ ನನ್ನಲ್ಲಿಗೆ ಬಂದದ್ದೂ
ಬೇರೆಬೇರೆ ಹಾಡೇ ಇರಬಹುದು. ಯಾರಿಗೆ ಗೊತ್ತು."

ಹೇಳಿ, ಸ್ಪೀಕರಿನ ಮೇಲೆ ಅಂಗೈಯಿಟ್ಟು ನಿಂತಳು,
ಜ್ವರ ನೋಡುವವರ ಹಾಗೆ.
ಆ ಬೆರಕೆ ಕೂಸನ್ನೇ ಹಾಕಿದೆ.
ಯಂತ್ರದ ಡ್ರಮ್ಮಿಗೆ ಹುಬ್ಬು ಗಂಟಿಕ್ಕಿದಳು,
ಹಿಮ್ಮೇಳ ಬಂದಾಗ ಕೈ ತೆಗೆಯಲಿಲ್ಲ.
ಕೊಳ್ಳಲೂ ಇಲ್ಲ. ಮನೆಯಲ್ಲಿ ನುಡಿಸುವ ಪೆಟ್ಟಿಗೆಯಿಲ್ಲವಂತೆ.

ಈಗ ಆರು ಗಂಟೆ. ಮೂರನೇ ಚೀಲ ಬಿಚ್ಚಿಲ್ಲ.
ಆ ತಟ್ಟೆ ಯಾವ ಖಾನೆಯಲ್ಲೂ ಇಲ್ಲ, ನನ್ನ ಕೋಟಿನ ಕೆಳಗಿದೆ.
ಡೂಗಲ್ ಬಾಗಿಲಲ್ಲಿ ನಿಂತು ಏನೋ ಅನ್ನುತ್ತಿದ್ದಾನೆ.
ರಸ್ತೆಯಲ್ಲಿ ಲಾರಿ. ಕೇಳಿಸುತ್ತಿಲ್ಲ.
ಅವನ ತುಟಿಯನ್ನೇ ನೋಡುತ್ತೇನೆ,
ಬೈಗುಳವೋ, ಪಲ್ಲವಿಯೋ.